ಹಲ್ಲುಸೆಟ್ಟಿನವನ ಏಪ್ರನ್

ಅವನ ಕೆಲಸ ಹಲ್ಲುಸೆಟ್ಟು ಮಾಡುವುದು. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿನ ಮೇಲೆ ಮೇಣ ಹಚ್ಚಿ, ಒಂದೊಂದೇ ಹಲ್ಲು ಕೂರಿಸುತ್ತಾನೆ. ಕುಡಿತಕ್ಕೆ ಅವನದೊಂದು ನಿಯಮವಿತ್ತು: ಏಪ್ರನ್ ಬಿಚ್ಚದೆ ಗ್ಲಾಸು ಮುಟ್ಟುವಂತಿಲ್ಲ. ಇದನ್ನು ಪಾಲಿಸುವುದು ಕಷ್ಟವೂ ಇರಲಿಲ್ಲ. ಏಪ್ರನ್ ಕಾರ್ಯಾಗಾರದ ಮೊಳೆಯಲ್ಲಿ, ಗ್ಲಾಸು ಶನಿವಾರದ ಗೆಳೆಯರ ಜೊತೆ; ನಡುವೆ ಒಂದು ಬಸ್ ಪ್ರಯಾಣ.

ಸೋಂಕು ಹಬ್ಬಿ ಎಲ್ಲ ಮುಚ್ಚಿದಾಗ ಮೇಜು, ಬರ್ನರ್, ಹಲ್ಲಿನ ಡಬ್ಬಿಗಳನ್ನು ತನ್ನ ಒಂಟಿ ಕೋಣೆಗೆ ತಂದುಕೊಂಡ. ಏಪ್ರನ್ ಅಡುಗೆಮೂಲೆಯ ಕೊಕ್ಕೆಗೆ ಬಂತು. ಬಾಟಲಿ ಅದರ ಕೆಳಗಿನ ಕಪಾಟಿನಲ್ಲಿತ್ತು. ಮೊದಮೊದಲು ದೀಪ ಹಾಕುವ ಹೊತ್ತಿಗೆ ಏಪ್ರನ್ ಬಿಚ್ಚುತ್ತಿದ್ದವನು, ಆಮೇಲೆ ಸಂಜೆಯ ಚಹಾಕ್ಕೆ, ಕೊನೆಗೆ ಮಧ್ಯಾಹ್ನದ ಊಟವಾದ ಕೂಡಲೇ ಬಿಚ್ಚತೊಡಗಿದ. ಮಾತಾಡಿಸುವವರಿಲ್ಲದ ಕಾರಣ ನಾಲಿಗೆ ತೊದಲುತ್ತಿದೆಯೇ ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ನಿಯಮವನ್ನು ಮಾತ್ರ ಒಮ್ಮೆಯೂ ಮುರಿಯಲಿಲ್ಲ.

ಆಗಲೇ ಪಕ್ಕದ ಬೀದಿಯಲ್ಲಿದ್ದ ಅವನ ಅಕ್ಕನ ಮೇಲ್ದವಡೆಯ ಸೆಟ್ಟು ಬಚ್ಚಲಲ್ಲಿ ಬಿದ್ದು ಎರಡು ಹೋಳಾಯಿತು. ಕ್ಲಿನಿಕ್ಕುಗಳು ಮುಚ್ಚಿದ್ದವು. ಅವಳ ಬಾಯಿಯ ಹಳೆಯ ಅಚ್ಚು ತಮ್ಮನ ಬಳಿಯೇ ಇತ್ತು.

“ಬೇಗ ಮಾಡೋ. ನುಂಗಿ ನುಂಗಿ ಸಾಕಾಗಿದೆ, ಏನಾದ್ರೂ ಕಚ್ಬೇಕು,” ಎಂದಳು ಫೋನಿನಲ್ಲಿ.

ಸೆಟ್ಟು ಸಿದ್ಧವಾದ ದಿನ ಅಕ್ಕ ಅವನ ಕಿಟಕಿಯ ಹೊರಗೆ ನಿಂತು, ಮಾಸ್ಕ್ ಇಳಿಸಿ, ಹಲ್ಲು ಹಾಕಿಕೊಂಡು, ಕೈಗನ್ನಡಿ ನೋಡಿದಳು.

“ಯಾರದ್ದೋ ಇದು? ಒಳ್ಳೆ ಕತ್ತೆ ಥರ ಕಾಣ್ತಿದೀನಿ.”

ಎಡದ ಕೋರೆಹಲ್ಲು ಬಲಕ್ಕೆ, ಬಲದ್ದು ಎಡಕ್ಕೆ ಕೂತಿದ್ದವು. ಕೆಲಸ ಕಲಿಯುವಾಗಲೂ ಮಾಡದ ತಪ್ಪು. ಹಿಂದಿನ ದಿನ ಅದನ್ನೇ ಕೈಯಲ್ಲಿ ಹಿಡಿದು ಉಜ್ಜಿ ಹೊಳಪು ಕೊಟ್ಟಿದ್ದ, ಆಗಲೂ ಕಂಡಿರಲಿಲ್ಲ.

“ಕುಡಿದು ಕೂರಿಸಿದ್ಯಾ?”

“ಏಪ್ರನ್ ಬಿಚ್ಚಿಟ್ಟೇ ಕುಡಿದಿದ್ದು ಕಣೇ.”

“ಆಮೇಲೆ?”

“ಆಮೇಲೆ... ಎರಡು ಹಲ್ಲು ಬಾಕಿ ಇದೆ ಅಂತ ನೆನಪಾಯ್ತು. ಮತ್ತೆ ಹಾಕ್ಕೊಂಡೆ.”

ಕುಡಿದ ಮೇಲೆ ಏಪ್ರನ್ ಹಾಕಬಾರದೆಂದು ನಿಯಮದಲ್ಲಿ ಇರಲೇ ಇಲ್ಲ. ಮೊದಲು ಅದರ ಅಗತ್ಯವೂ ಬಿದ್ದಿರಲಿಲ್ಲ. ಶನಿವಾರ ಕುಡಿದವನು ಬಸ್ ಹತ್ತಿ ಕೆಲಸಕ್ಕೆ ಮರಳುತ್ತಿರಲಿಲ್ಲ.

“ನನ್ನ ಬಾಯಿ, ನಕ್ಕು ಸುಮ್ಮನಾಗ್ತೀನಿ. ಬೇರೆಯವರದ್ದಾಗಿದ್ರೆ? ನಿನ್ನ ಕೈಗೆ ಇನ್ಯಾರು ಕೆಲಸ ಕೊಡ್ತಾರೋ?” ಅಕ್ಕ ಸೆಟ್ಟನ್ನು ಕಿಟಕಿಕಟ್ಟೆಯ ಮೇಲಿಟ್ಟು ಹೋದಳು.

ಅವನು ಮೊದಲಿನಿಂದ ಶುರುಮಾಡಿದ. ಈ ಸಲ ಮುಗಿಯುವ ತನಕ ಏಪ್ರನ್ ಬಿಚ್ಚಲಿಲ್ಲ. ಉಂಡಿದ್ದೂ ಅದರಲ್ಲೇ, ಮಲಗಿದ್ದೂ ಅದರಲ್ಲೇ. ಮೇಣ ಕೆರೆಯುವಾಗ ಬೆರಳು ನಡುಗಿದರೆ ಚಾಕು ಕೆಳಗಿಟ್ಟು, ನಡುಕ ನಿಲ್ಲುವವರೆಗೆ ಕಾದ.

ಅಕ್ಕ ಮತ್ತೆ ಕಿಟಕಿಗೆ ಬಂದಳು. ಹೊಸ ಸೆಟ್ಟು ಹಾಕಿಕೊಂಡು, ಚೀಲದಿಂದ ಕ್ಯಾರೆಟ್ ತೆಗೆದು ಕಚ್ಚಿದಳು. ಕಟಕ್ಕೆಂದ ಸದ್ದು ಒಳಗೂ ಕೇಳಿಸಿತು.

“ಇನ್ನಾದ್ರೂ ಬಿಚ್ಚೋ ಅದನ್ನ, ನಾರ್ತಿದೆ,” ಎಂದಳು ಅಗಿಯುತ್ತಲೇ.

“ಇರಲಿ ಬಿಡೇ,” ಎಂದ ಅವನು. “ಇನ್ನೂ ಬೆಳಕಿದೆ, ದೀಪ ಹಾಕೋ ಹೊತ್ತಾಗ್ಲಿ.”