‘ಬೇಡ’ ಅನ್ನುವುದಕ್ಕೆ ಚಿತ್ರವಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಣ್ಣಿನ ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಮಹಿಳೆಯೊಬ್ಬರು ಮಂಡಿಯೂರಿ, ಗೋಡೆಗೆ ಅಂಟಿದ ಹಳೆಯ ಟೇಪನ್ನು ಉಗುರಿನಿಂದ ಎಬ್ಬಿಸುತ್ತಿದ್ದಾರೆ. ಬಣ್ಣ ಕಿತ್ತು ಬರದಂತೆ ನಿಧಾನವಾಗಿ ಸುಲಿದು, ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸ ಹಾಳೆಯೊಂದನ್ನು ಅಲ್ಲಿ ಅಂಟಿಸುತ್ತಾರೆ. ಎದುರಿನ ಬೆಂಚಿನಲ್ಲಿ ಕೂತವರ ಕಣ್ಣಿಗೆ ನೇರ ಬರುವಷ್ಟೇ ಎತ್ತರ. ಆಮೇಲೆ ತಾವೇ ಬೆಂಚಿನ ಮೇಲೆ ಕೂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡುತ್ತಾರೆ.

ಆಸ್ಪತ್ರೆಗೆಲ್ಲ ಇವರು ಗೀಟಕ್ಕ. ಪೊರೆ ತೆಗೆಸಿಕೊಂಡು ಮನೆಗೆ ಹೊರಟವರ ಕೈಗೆ ಔಷಧಿಯ ಜೊತೆ ಒಂದು ಚಿತ್ರದ ಹಾಳೆ ಕೊಡುತ್ತಾರಲ್ಲ, ಅದರ ಗೀಟುಗಳನ್ನೆಲ್ಲ ಎಳೆಯುವವರು ಇವರೇ. ಇಲ್ಲಿಗೆ ಬರುವ ಬಹಳ ಮಂದಿಗೆ ಓದಲು ಬರುವುದಿಲ್ಲ. ಓದು ಬಂದವರಿಗೂ ಆ ಹೊತ್ತಿಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿರುತ್ತದೆ.

ಗೀಟಕ್ಕ ಚಿತ್ರಕಲೆ ಕಲಿತವರಲ್ಲ. ಗಂಡ ಹಾಸಿಗೆ ಹಿಡಿದ ಕಾಲಕ್ಕೆ ಶಿಶುವಿಹಾರವೊಂದರಲ್ಲಿ ಆಯಾ ಆಗಿ ಸೇರಿದರು. ಮಕ್ಕಳ ಮೂಗು ಒರೆಸುತ್ತ, ಚಪ್ಪಲಿ ಜೋಡಿಸುತ್ತ, ಟೀಚರು ಪಾಠ ಮಾಡುವುದನ್ನು ಬಾಗಿಲ ಬಳಿ ನಿಂತು ನೋಡುತ್ತಿದ್ದರು. “ಆ ಟೀಚರಮ್ಮ ಒಂದು ಸಲಕ್ಕೆ ಒಂದೇ ವಿಷಯ ಹೇಳೋರು. ಹೇಳಿ ಆದ್ಮೇಲೆ ‘ಗೊತ್ತಾಯ್ತಾ’ ಅಂತ ಕೇಳ್ತಿರಲಿಲ್ಲ. ಹಾಗೆ ಕೇಳಿದ್ರೆ ಎಲ್ಲಾ ಮಕ್ಕಳೂ ಹೂಂ ಅಂತಾವೆ. ‘ಈಗ ನೀನು ನಂಗೆ ಹೇಳಿಕೊಡು’ ಅನ್ನೋರು” ಎಂದು ನೆನೆಯುತ್ತಾರೆ.

ಗಂಡ ತೀರಿಕೊಂಡ ಮೇಲೆ ಆಸ್ಪತ್ರೆಯ ಅಚ್ಚಿನ ಕೋಣೆಗೆ ಕಾಗದ ಕತ್ತರಿಸಲು ಬಂದರು. ಹಾಳಾದ ಕಾಗದದ ಹಿಂದೆ ಗೀಚುತ್ತಿದ್ದುದನ್ನು ಕಂಡ ಕಂಪ್ಯೂಟರಿನ ಹುಡುಗಿ ಪಕ್ಕದಲ್ಲೇ ಕುರ್ಚಿ ಹಾಕಿಕೊಟ್ಟಳು. ವಿನ್ಯಾಸ ಓದಿ ಬಂದವಳು ಅವಳು. ಮನಸ್ಸು ಯಾವುದನ್ನು ಮೊದಲು ಹಿಡಿಯುತ್ತದೆ, ಯಾವುದನ್ನು ಕೈಬಿಡುತ್ತದೆ ಎಂದು ಗೀಟಕ್ಕನಿಗೆ ಹೇಳಿಕೊಟ್ಟದ್ದು ಅವಳೇ. “ಅಕ್ಕಾ, ನೀವು ಬರೆದ ಈ ಅಜ್ಜ ಬಾಗಿಲ ಕಡೆ ನೋಡ್ತಿದಾನೆ, ಅವನಿಗೆ ಮನೆಗೆ ಹೋಗೋ ಆತುರ” ಎಂದು ರೇಗಿಸುತ್ತಾಳೆ. ಚಿತ್ರದ ಮುಖ ಎತ್ತ ತಿರುಗಿದೆಯೋ ನೋಡುವವರ ಕಣ್ಣೂ ಅತ್ತಲೇ ಓಡುತ್ತದಂತೆ. ಹೊಸ ಹಾಳೆಯಲ್ಲಿ ಅಜ್ಜ ಔಷಧಿಯ ಬಾಟಲಿಯನ್ನೇ ನೋಡುತ್ತಿದ್ದಾನೆ.

ಇವತ್ತು ಈ ಹಾಳೆಯ ಪರೀಕ್ಷೆ. ಸಂಜೆಗೆ ಅಚ್ಚಿಗೆ ಹೋಗಬೇಕು. ನಾಡಿದ್ದು ಗೀಟಕ್ಕನ ಅತ್ತೆಗೇ ಶಸ್ತ್ರಚಿಕಿತ್ಸೆ. ಸೊಸೆ ಕೆಲಸಕ್ಕೆ ಬಂದರೆ ಹಗಲಿಡೀ ಮನೆಯಲ್ಲಿ ಅತ್ತೆ ಮತ್ತು ಈ ಹಾಳೆ, ಇಬ್ಬರೇ. “ನೀನು ಗೀಚಿದ್ದು ನಂಗೆ ತಿಳಿದ್ರೆ ಲೋಕಕ್ಕೆಲ್ಲ ತಿಳಿದ ಹಾಗೇ ಬಿಡು” ಎನ್ನುವವರ ಪೈಕಿ ಅತ್ತೆ.

ಬೆಂಚಿಗೆ ಮೊದಲು ಬಂದು ಕೂತ ಅಜ್ಜಿಯ ಪಕ್ಕ ಗೀಟಕ್ಕ ಕೂರುತ್ತಾರೆ.

“ಅಜ್ಜಿ, ಈ ಚಿತ್ರ ನೋಡ್ಕೊಂಡು ನಂಗೊಂಚೂರು ಹೇಳಿಕೊಡಿ. ನಾನೇನು ಮಾಡ್ಬೇಕು?”

“ಅಷ್ಟೂ ಗೊತ್ತಾಗಲ್ವೇನೇ? ಕೈ ತೊಳ್ಕೊ. ಮೇಲೆ ನೋಡ್ತಾ ಔಷಧಿ ಬಿಟ್ಕೊ. ಆಮೇಲೆ ಕಣ್ಣು ಚೆನ್ನಾಗಿ ಉಜ್ಕೊ.”

ಗೀಟಕ್ಕನ ಬೆರಳು ಚಿತ್ರದ ಮೇಲಿನ ಕೆಂಪು ಅಡ್ಡಗೀಟಿಗೆ ಹೋಗುತ್ತದೆ. “ಇದೇನು ಮತ್ತೆ?”

“ಅದು ಮುಖ್ಯ ಅಂತ. ಮರೀಬೇಡ ಅಂತ ತಾನೇ ಕೆಂಪಲ್ಲಿ ಹಾಕಿರೋದು?”

ಗೀಟಕ್ಕ ನಗುವುದಿಲ್ಲ. ಹಾಳೆಯ ಕೆಳಗಿನ ಅರ್ಧದಲ್ಲಿ ಅಂಥ ಕೆಂಪು ಗೀಟಿನ ಚಿತ್ರಗಳೇ ತುಂಬಿವೆ: ಉಜ್ಜಬೇಡಿ, ತಲೆಗೆ ನೀರು ಹಾಕಬೇಡಿ, ಭಾರ ಎತ್ತಬೇಡಿ. ಎಲ್ಲವನ್ನೂ ತಾವೇ ಒಪ್ಪವಾಗಿ ಬರೆದವರು. “ಉಜ್ಜೋ ಕೈ ಬರೆದ್ರೆ ಉಜ್ಜೋ ಕೈಯೇ ತಲೇಲಿ ಕೂರುತ್ತೆ. ಗೀಟು ಮನೆ ಮುಟ್ಟೋದ್ರೊಳಗೆ ಅಳಿಸಿಹೋಗುತ್ತೆ. ಬೇಡ ಅನ್ನೋದಕ್ಕೆ ಚಿತ್ರ ಇಲ್ಲ ನೋಡಿ. ಅದರ ಬದಲು ಏನು ಮಾಡ್ಬೇಕು ಅನ್ನೋದನ್ನ ಬರೀಬೇಕು” ಎನ್ನುತ್ತ ಎದ್ದು ಒಳಗೆ ಹೋಗುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಕೆಂಪು ಪೂರ್ತಿ ಮಾಯ. ಚಿತ್ರದ ಅದೇ ಅಜ್ಜ ಈಗ ಶುಭ್ರ ಬಟ್ಟೆಯಿಂದ ಕೆನ್ನೆಯ ಮೇಲಿನ ನೀರನ್ನಷ್ಟೇ ಒತ್ತಿಕೊಳ್ಳುತ್ತಿದ್ದಾನೆ. ಕೆಳಗಿನ ಅರ್ಧ ಖಾಲಿ. ಬೆಂಚಿನಲ್ಲಿ ಕೂತ ಮುದುಕರೊಬ್ಬರು ಹಾಳೆ ನೋಡಿ ತಪ್ಪಿಲ್ಲದೆ ಹೇಳಿಕೊಡುತ್ತಾರೆ. “ನಿಮಗೆ ಇಷ್ಟು ವಯಸ್ಸಾದ್ರೂ ಇದು ತಿಳೀದಾ ತಾಯಿ?” ಎಂದು ಬೇರೆ ಕೇಳುತ್ತಾರೆ.

ಸಂಜೆ ಅಚ್ಚಿನ ಕೋಣೆಗೆ ವ್ಯವಸ್ಥಾಪಕರು ಬರುತ್ತಾರೆ. ಕೆಟ್ಟ ಮನುಷ್ಯರಲ್ಲ, ಬೈಗುಳ ತಿಂದು ತಿಂದು ಎಚ್ಚರ ಕಲಿತವರು.

“ಇಷ್ಟು ಜಾಗ ಯಾಕೆ ದಂಡ ಮಾಡಿದೀರಿ, ಗೀಟಕ್ಕ? ಆ ಬೇಡಗಳನ್ನೆಲ್ಲ ಇಲ್ಲೇ ತುಂಬಿ. ನಾಳೆ ಯಾರಾದ್ರೂ ತಲೆಗೆ ನೀರು ಹುಯ್ಕೊಂಡು ಬಂದ್ರೆ, ನೀವು ಹೇಳಲೇ ಇಲ್ಲ ಅಂತ ನನ್ನ ಹಿಡ್ಕೋತಾರೆ.”

“ಹೊರಡುವಾಗ ನರ್ಸಮ್ಮ ಬಾಯಲ್ಲಿ ಹೇಳ್ತಾರೆ, ಸಾರ್. ಮಾರನೇ ದಿನ ಕಣ್ಣು ತೋರಿಸೋಕೆ ಬರ್ತಾರಲ್ಲ, ಆಗ ಅದಕ್ಕೆ ಇನ್ನೊಂದು ಹಾಳೆ ಕೊಡೋಣ. ಒಟ್ಟಿಗೆ ತುಂಬಿದ್ರೆ ಔಷಧಿ ಬಿಡೋದೂ ಅದರೊಳಗೆ ಕಳೆದುಹೋಗುತ್ತೆ.”

“ಸುತ್ತ ಖಾಲಿ ಇದ್ರೇನೇ ಸಾರ್, ಕಣ್ಣು ಚಿತ್ರದ ಮೇಲೆ ನಿಲ್ಲೋದು” ಎಂದು ಕಂಪ್ಯೂಟರಿನ ಹುಡುಗಿಯೂ ಮೆಲ್ಲಗೆ ದನಿಗೂಡಿಸುತ್ತಾಳೆ.

“ಖಾಲಿ ಅಂದ್ರೆ ಖಾಲಿ ಕಣಮ್ಮ. ಮೇಲಿನವರಿಗೆ ಏನಂತ ತೋರಿಸ್ಲಿ?”

ಅಚ್ಚಿನವರು ಕೈಯ ಮಸಿ ಒರೆಸಿಕೊಳ್ಳುತ್ತ, ಯಾವುದನ್ನು ಹಾಕಲಿ ಎಂಬಂತೆ ಮೂವರನ್ನೂ ನೋಡುತ್ತಾರೆ. ಮೇಜಿನ ಮೇಲೆ ಬೆಳಗಿನದು, ಮಧ್ಯಾಹ್ನದ್ದು ಎರಡೂ ಹಾಳೆ ಅಕ್ಕಪಕ್ಕ ಇವೆ. ವ್ಯವಸ್ಥಾಪಕರು ಖಾಲಿ ಇರುವುದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

“ಆ ಕೆಳಗಿನ ಜಾಗ ಹಾಗೇ ಬಿಟ್ಬಿಡಿ, ಸಾರ್” ಎನ್ನುತ್ತಾರೆ ಗೀಟಕ್ಕ.

ವ್ಯವಸ್ಥಾಪಕರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಹಾಳೆಯನ್ನು ಮತ್ತೊಮ್ಮೆ ನೋಡುತ್ತಾರೆ.