ಒಂದೇ ಮಗ್ಗುಲು ಸವೆದ ಸೌಟು

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ, ಆ ಮೊಳೆಗೆ ತೂಗುಹಾಕಿದ ಒಂದು ಕಟ್ಟಿಗೆಯ ಸೌಟು. ನೀವು ಎಂದಾದರೂ ಗಜೇಂದ್ರಗಡಕ್ಕೆ ಬಂದು, ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತು ತಿರುಗುವ ಗಾಳಿಯಂತ್ರಗಳನ್ನು ಕಣ್ತುಂಬ ನೋಡಿ, ಆಮೇಲೆ ಚಹಾಕ್ಕೆಂದು ನಮ್ಮ ಮನೆಗೆ ಕಾಲಿಟ್ಟರೆ, ಈ ಸೌಟನ್ನು ಕೈಗೆ ಕೊಟ್ಟು ತೋರಿಸದೆ ನಾನು ನಿಮ್ಮನ್ನು ಬಿಡುವವಳಲ್ಲ. ನಮ್ಮ ಅತ್ತೆ ಲಕ್ಕಲಕಟ್ಟಿಯಿಂದ ಮದುವೆಯಾಗಿ ಬರುವಾಗ ತವರಿನ ಪಾತ್ರೆಪಡಗದ ಜೊತೆಗೆ ತಂದದ್ದು ಇದು. ಅದರ ತುದಿಯ ಎಡಮಗ್ಗುಲು ಓರೆಯಾಗಿ, ಯಾರೋ ಉಳಿ ಹಿಡಿದು ಕೆತ್ತಿದಷ್ಟು ನಯವಾಗಿ ಸವೆದುಹೋಗಿದೆ. ಬಲಮಗ್ಗುಲು ಮಾತ್ರ ಬಡಿಗ ಮಾಡಿಕೊಟ್ಟ ದುಂಡನ್ನು ಹಾಗೇ ಉಳಿಸಿಕೊಂಡಿದೆ. ಬಲಗೈಯಲ್ಲಿ ಹಿಡಿದು, ಪಾತ್ರೆಯ ತಳಕ್ಕೆ ತಾಗಿಸಿ, ನಲವತ್ತಕ್ಕೂ ಹೆಚ್ಚು ವರ್ಷ ಗೋಧಿ ಹುಗ್ಗಿ ತಿರುವಿದ ಗುರುತು ಅದು. ಯಾವ ದಿನ ಎಷ್ಟು ಸವೆಯಿತೆಂದು ಕಂಡವರಿಲ್ಲ. ಸವೆದ ಕಟ್ಟಿಗೆ ಎಲ್ಲಿ ಹೋಯಿತೆಂದು ಕೇಳಿದರೆ ನಮ್ಮ ಮನೆಯವರು, ಅಂದರೆ ಅತ್ತೆಯ ಒಬ್ಬನೇ ಮಗ, ತಮ್ಮ ಹೊಟ್ಟೆಯನ್ನು ತಟ್ಟಿ ತೋರಿಸುತ್ತಾರೆ.

ನಾನು ಇಂಥ ನಿಧಾನದ ಕೆಲಸಗಳಿಗೆ ಹುಟ್ಟಿದವಳಲ್ಲ. ರೋಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ; ಬೆಳಗಿನ ಬಸ್ಸು ತಪ್ಪಿತೆಂದರೆ ಮೊದಲ ಪಿರಿಯಡ್ ತಪ್ಪಿತು, ಮೊದಲ ಪಿರಿಯಡ್ ತಪ್ಪಿತೆಂದರೆ ಇಡೀ ದಿನ ನನ್ನ ಮುಖ ನೋಡುವಂತಿರುವುದಿಲ್ಲ. ಹೀಗಾಗಿ ಕುಕ್ಕರಿನ ಸೀಟಿಯೇ ನನ್ನ ಗಡಿಯಾರ. ಮೊದಲ ಸೀಟಿಗೆ ಜಡೆ, ಎರಡನೆಯದಕ್ಕೆ ಸೀರೆಯ ನೆರಿಗೆ, ಮೂರನೆಯದಕ್ಕೆ ಡಬ್ಬಿ, ನಾಲ್ಕನೆಯದು ಹೊಡೆಯುವ ಹೊತ್ತಿಗೆ ನಾನು ಬೀದಿಯಲ್ಲಿ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ; 'ಗಡಿಬಿಡಿ' ಎಂದೇ ಕರೆಯುತ್ತಾರೆ. ಮದುವೆಯಾದ ಹೊಸದರಲ್ಲಿ ಅದಕ್ಕೆ ಸಿಟ್ಟು ಬರುತ್ತಿತ್ತು, ಬರಬರುತ್ತ ಅಭ್ಯಾಸವಾಯಿತು.

ಹೋದ ಶ್ರಾವಣದಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ನಿಧಾನಕ್ಕೆ ಹಾದಿಗೆ ಬಂತು, ಬಲಗೈ ಮಾತ್ರ ಹೇಳಿದ ಮಾತು ಕೇಳಲಿಲ್ಲ. ದವಾಖಾನೆಯಿಂದ ಮನೆಗೆ ಬಂದ ದಿನ ಅಡುಗೆಮನೆಯ ಹೊಸ್ತಿಲ ತನಕ ನಡೆದುಹೋಗಿ, ಮೊಳೆಯ ಮೇಲಿನ ಸೌಟನ್ನು ಒಂದು ಗಳಿಗೆ ನೋಡಿ, ತಿರುಗಿ ಪಡಸಾಲೆಯ ಮಂಚಕ್ಕೆ ಬಂದು ಕೂತರು. "ಕೈ ಇಲ್ಲದಾಕಿಗೆ ಅಡಗಿಮನ್ಯಾಗ ಏನ್ ಕೆಲಸೈತಿ?" ಎಂದರು. ಆಮೇಲೆ ಐದು ತಿಂಗಳು ಆ ಹೊಸ್ತಿಲು ದಾಟಲಿಲ್ಲ. ಇವತ್ತು ಏನು ಮಾಡಲಿ ಎಂದು ಕೇಳಿದರೆ "ಏನರ ಮಾಡವಾ" ಎನ್ನುವರು. ಎರಡು ತುತ್ತು ಉಂಡು ತಾಟು ಸರಿಸುವರು. ಉಪ್ಪು ಹೆಚ್ಚಾದರೂ ಮಾತಿಲ್ಲ, ಕಡಿಮೆಯಾದರೂ ಮಾತಿಲ್ಲ. ಇಪ್ಪತ್ತು ವರ್ಷ ತಪ್ಪು ಹುಡುಕಿ ಹುಡುಕಿ ನನ್ನ ಅಡುಗೆಗೆ ಹೆಸರಿಡುತ್ತ ಬಂದವರು ಹೆಸರಿಡುವುದನ್ನೇ ಬಿಟ್ಟಾಗ, ಖರೇ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಕೈ ಬಾರದಿದ್ದರೆ ಹೋಗಲಿ, ಈ ಮುದುಕಿ ಮರಳಿ ಅಡುಗೆಮನೆಗೆ ಬರಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಹಾಗೆಂದು, ನಿಧಾನಕ್ಕೆ ಬೇಯಿಸುವ ಆ ಕರೆಂಟಿನ ಸ್ಲೋ ಕುಕ್ಕರ್ ತರಿಸಿದ್ದು ಅವರಿಗಾಗಿ ಎಂದು ಹೇಳಿದರೆ ಸುಳ್ಳಾದೀತು. ಅದನ್ನು ತರಿಸಿದ್ದು ನನ್ನ ಗಡಿಬಿಡಿಗಾಗಿ. ಬಸ್ಸಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾಗ, ಬೆಳಿಗ್ಗೆ ಎಲ್ಲ ಹಾಕಿಟ್ಟು ಕೆಲಸಕ್ಕೆ ಹೋಗಿ, ಸಂಜೆ ಬಂದು ಬಿಸಿಬಿಸಿ ಉಣ್ಣಿ ಎಂದು ಯಾರೋ ಹೇಳುತ್ತಿದ್ದರು. ರೋಣದ ಬಸ್‌ಸ್ಟ್ಯಾಂಡ್ ಬರುವುದರೊಳಗೆ ನಾನು ತರಿಸಲು ಹೇಳಿಯೂ ಆಗಿತ್ತು. ಬಂದದ್ದನ್ನು ಬಿಚ್ಚಿ ನೋಡಿದರೆ ಒಂದು ತಗಡಿನ ಕವಚ, ಅದರೊಳಗೆ ಭಾರವಾದ ಪಿಂಗಾಣಿ ಪಾತ್ರೆ, ಮೇಲೊಂದು ಗಾಜಿನ ಮುಚ್ಚಳ. ಉರಿ ಇಲ್ಲ, ಸೀಟಿ ಇಲ್ಲ, ಸದ್ದೇ ಇಲ್ಲ. ನಮ್ಮ ಮನೆಯವರು ಅದನ್ನು ಸುತ್ತಲೂ ತಿರುಗಿಸಿ ನೋಡಿ, "ಇದು ನಿನ್ನ ಕೈಯಾಗ ಬಾಳೇ ಮಾಡಂಗಿಲ್ಲ ತಗೋ. ನಿನಗ ಎಂಟು ತಾಸು ಸುಮ್ನ ಇರೂದು ಆಕ್ಕೈತೇನು?" ಎಂದು ನಕ್ಕರು.

ಅವರ ಮಾತೇ ನಿಜವಾಯಿತು. ಮೊದಲ ದಿನ, ಅದು ರಜೆಯ ದಿನ, ಮಡಕೆ ಕಾಳು ಹಾಕಿ, ಬೆಂದಿತೋ ಇಲ್ಲವೋ ಎಂದು ಒಂಬತ್ತು ಸಲ ಮುಚ್ಚಳ ತೆಗೆದೆ. ನೀವೂ ಇದನ್ನು ಹೊಸದಾಗಿ ಮನೆಗೆ ತಂದಿದ್ದರೆ ನನ್ನ ಈ ಒಂದು ಮಾತು ಕೇಳಿ: ಮುಚ್ಚಳ ತೆಗೆಯಬೇಡಿ. ಒಮ್ಮೆ ತೆಗೆದರೆ ಒಳಗೆ ತಾಸುಗಟ್ಟಲೆ ಕೂಡಿಟ್ಟುಕೊಂಡ ಬಿಸಿಯೆಲ್ಲ ಹಾರಿಹೋಗಿ, ಅದು ಮತ್ತೆ ಕೂಡಿಕೊಳ್ಳಲು ಅರ್ಧ ತಾಸು ಬೇಕು. ಪಾತ್ರೆಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲಕ್ಕೆ ತುಂಬಿದರೆ ಸಾಕು, ನೀರು ದಿನದ ಅಳತೆಗಿಂತ ಕಡಿಮೆ ಇರಲಿ, ಪಿಂಗಾಣಿಗೆ ಸ್ಟೀಲಿನ ಚಮಚ ತಾಗಿಸಬೇಡಿ. ಇಷ್ಟನ್ನು ಕಲಿಯಲು ನನಗೆ ಎರಡು ವಾರ ಹಿಡಿಯಿತು. ಎರಡು ವಾರದ ಕೊನೆಗೆ ಹುರುಳಿಕಟ್ಟಿನ ಸಾರು, ಬದನೆಕಾಯಿ ಪಲ್ಯ, ಬೇಳೆ ಎಲ್ಲವೂ ನನ್ನ ಹತೋಟಿಗೆ ಬಂದವು, ನಾನು ಉಬ್ಬಿದೆ.

ಉಬ್ಬಿದ ಮೇಲೆ ಗೋಧಿ ಹುಗ್ಗಿಗೆ ಕೈ ಹಾಕಿದೆ. ಹುಗ್ಗಿ ಅತ್ತೆಗೆ ಪ್ರಾಣ; ಅದನ್ನು ಕಂಡಾದರೂ ನಾಲ್ಕು ತುತ್ತು ಹೆಚ್ಚು ಉಂಡಾರು ಎಂಬ ದುರಾಸೆ. ಯಂತ್ರದ ಜೊತೆಗಿದ್ದ ಪುಸ್ತಿಕೆ ಎಲ್ಲವನ್ನೂ ಒಟ್ಟಿಗೆ ಹಾಕಿ ಮುಚ್ಚಿಬಿಡಿ ಎಂದಿತ್ತು. ಕುಟ್ಟಿದ ಗೋಧಿ, ನೀರು, ಬೆಲ್ಲ, ಏಲಕ್ಕಿ ಎಲ್ಲ ಹಾಕಿ, ಮುಚ್ಚಿ, ಬಸ್ಸು ಹಿಡಿದೆ. ಸಂಜೆ ಬಂದು ನೋಡಿದರೆ ಬೆಲ್ಲದ ಪಾಕದಲ್ಲಿ ಗೋಧಿ ಕಾಳು ಹಾಕಿದ ಹಾಗೇ ಕೂತಿದೆ; ಬಾಯಿಗಿಟ್ಟುಕೊಂಡರೆ ಕಟಕ್ ಎಂದಿತು. ನಾನು ತಟ್ಟೆ ಹಿಡಿದು ಪೆಚ್ಚಾಗಿ ನಿಂತಿದ್ದಾಗ ಪಡಸಾಲೆಯ ಮಂಚದಿಂದ ದನಿ ಬಂತು.

"ಬೆಲ್ಲ ಮೊದಲಽ ಹಾಕಿದೇನ, ಗಡಿಬಿಡಿ?"

"ನಿಮಗ ಹ್ಯಾಂಗ ಗೊತ್ತಾತ್ರಿ ಅತ್ತಿ? ನೀವು ಇನ್ನೂ ನೋಡೇ ಇಲ್ಲಲ್ರಿ!"

"ಮುಂಜಾನಿಂದ ಬೆಲ್ಲದ ವಾಸನಿ ಬರಾಕ ಹತ್ತಿತ್ತು. ಗೋದಿ ಅರಳಿದ ವಾಸನಿ ಬರ್ಲೇ ಇಲ್ಲ. ಬೆಲ್ಲ ಬಿದ್ದ ಮ್ಯಾಲೆ ಕಾಳು ಬೇಯಂಗಿಲ್ಲ, ಹುಚ್ಚಿ. ಪೂರಾ ಅರಳಿದ ಮ್ಯಾಲೆ ಬೆಲ್ಲ."

ಸಿಹಿ ಬೆರೆತ ನೀರಿನಲ್ಲಿ ಕಾಳಿನೊಳಕ್ಕೆ ನೀರು ಸರಿಯಾಗಿ ಇಳಿಯುವುದಿಲ್ಲ ಎಂಬುದನ್ನು ನಾನು ಪ್ರತಿವರ್ಷ ಒಣದ್ರಾಕ್ಷಿ ನೆನೆಹಾಕಿ, ಗಾಜಿನ ಲೋಟ ಎತ್ತಿ ತೋರಿಸಿ ಪಾಠ ಮಾಡುತ್ತೇನೆ. ಮನೆಗೆ ಬಂದು ಅದನ್ನೇ ಮರೆತಿದ್ದೆ. ಪಾಠವನ್ನೇ ಓದದ ಅತ್ತೆ ಅದನ್ನು ಗೋಡೆಯಾಚೆಯಿಂದ ಮೂಗಿನಲ್ಲಿ ಹಿಡಿದಿದ್ದರು. ಅದಕ್ಕಿಂತ ದೊಡ್ಡದೆಂದರೆ, ಐದು ತಿಂಗಳ ಮೇಲೆ ನನ್ನ ಅಡುಗೆಗೆ ಹೆಸರಿಟ್ಟಿದ್ದರು. ಆ ಗಟ್ಟಿ ಕಾಳನ್ನು ಅಗಿಯುತ್ತ ನಾನು ಅತ್ತುಬಿಟ್ಟೆ, ನೋಡಿ.

ಬಂದ ಭಾನುವಾರ ಅವರ ಮಂಚದ ಬಳಿ ಹೋಗಿ, "ನೀವು ಹೇಳ್ರಿ, ನಾ ಮಾಡ್ತೀನಿ" ಎಂದೆ. ಮೊದಲು ಮುಖ ಆಚೆ ತಿರುಗಿಸಿದರು. ಆಮೇಲೆ ಗೋಡೆಗೆ ಹೇಳುವಂತೆ, "ಜವಿ ಗೋದಿ ನೆನಿ ಇಟ್ಟೀಯಿಲ್ಲೋ? ತಣ್ಣೀರು ಹಾಕಬ್ಯಾಡ, ಕುದಿಯೂ ನೀರು ಹಾಕು. ಹಾಕಿ ಮುಚ್ಚು. ಮುಚ್ಚಿದ ಮ್ಯಾಲೆ ಅದರ ತಂಟೇಕ ಹೋಗಬ್ಯಾಡ" ಎಂದರು. ರಾತ್ರಿಯೇ ನೆನೆಹಾಕಿದ್ದ ಗೋಧಿಯನ್ನು ಅವರು ಹೇಳಿದಂತೆ ಮುಚ್ಚಿ, ಬೆಳಗಿನ ಆರೂವರೆಗೆ ಗುಂಡಿ ತಿರುಗಿಸಿ ಅವರ ಕಾಲ ಬಳಿ ಬಂದು ಕೂತೆ. ಭಾನುವಾರ ನನಗೆ ಬಸ್ಸಿಲ್ಲ. ಕೆಲಸವಿಲ್ಲದೆ ಕೂತು ಎಷ್ಟು ವರ್ಷವಾಗಿತ್ತೋ, ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಕೂತಲ್ಲಿ ಅತ್ತೆ ತವರಿನ ಮಾತು ತೆಗೆದರು. ಲಕ್ಕಲಕಟ್ಟಿಯ ಮನೆಯ ಹಿತ್ತಿಲಲ್ಲಿ ಕುಳ್ಳಿನ, ಅಂದರೆ ಬೆರಣಿಯ, ಕೆಂಡದ ಮೇಲೆ ಹಾಲಿನ ಗಡಿಗೆ ಇಟ್ಟರೆ ಮುಂಜಾನೆಯಿಂದ ಇಳಿಹೊತ್ತಿನ ತನಕ ಅದು ಅಲ್ಲೇ ಇರುತ್ತಿತ್ತಂತೆ. ಉಕ್ಕುವುದಿಲ್ಲ, ಹೊತ್ತುವುದಿಲ್ಲ, ಸುಮ್ಮನೆ ಕೆಂಪಾಗುತ್ತ, ಕೈ ಬೆರಳಿನಷ್ಟು ದಪ್ಪ ಕೆನೆ ಕಟ್ಟುತ್ತ ಇರುತ್ತಿತ್ತಂತೆ. ಕುಳ್ಳು ಒಂದರ ಮೇಲೊಂದು ಎಷ್ಟು ಬಿಗಿಯಾಗಿ ಒಟ್ಟಬೇಕು, ಬೂದಿ ಎಷ್ಟು ಮುಚ್ಚಬೇಕು ಎಂಬುದರಲ್ಲೇ ಎಲ್ಲ ವಿದ್ಯೆ. ಕೇಳುತ್ತ ಕೇಳುತ್ತ ನನಗೆ ನಗು ಬಂತು. ಹೊಸ ಯಂತ್ರ ತಂದೆನೆಂದು ಉಬ್ಬಿದ್ದೆನಲ್ಲ, ಆ ಯಂತ್ರ ಬೂದಿ ಮುಚ್ಚಿಕೊಂಡು ಈ ಮುದುಕಿಯ ತವರಿನ ಹಿತ್ತಿಲಲ್ಲಿ ಎಂದೋ ಕೂತಿತ್ತು.

ದಿನವೂ ಬಸ್ಸಿನ ಕಿಟಕಿಯಿಂದ ನೋಡುವ ಎರೆಭೂಮಿಯೂ ಆಗ ನೆನಪಾಯಿತು. ಮುಂಗಾರು ಹಿಂಗಾರುಗಳಲ್ಲಿ ಕುಡಿದ ನೀರನ್ನು ಆ ಕರಿಮಣ್ಣು ಎದೆಯೊಳಗಿಟ್ಟುಕೊಂಡು, ಮಳೆ ನಿಂತು ತಿಂಗಳುಗಳಾದರೂ, ಮುಂಜಾವಿನ ಇಬ್ಬನಿಯೊಂದನ್ನೇ ಮೇಲಿನಿಂದ ಪಡೆದು, ಬಿಳಿಜೋಳವನ್ನೂ ಕಡಲೆಯನ್ನೂ ಜವೆ ಗೋಧಿಯನ್ನೂ ಒಂದು ಹನಿ ಹೆಚ್ಚು ಕೇಳದೆ ಹಣ್ಣು ಮಾಡಿ ಕೊಡುತ್ತದೆ. ಉಷ್ಣ ಎಂದರೇನೆಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆಸುವ ನಾನು, ಬಿಸಿಗಿಂತ ಬಿಸಿ ಹಿಡಿದಿಡುವುದು ದೊಡ್ಡದೆಂದು ಒಂದು ದಿನವೂ ಹೇಳಿಕೊಟ್ಟಿಲ್ಲ. ನಮ್ಮ ಸುತ್ತ ಇಷ್ಟೆಲ್ಲ ಸದ್ದಿಲ್ಲದೆ ಬೇಯುತ್ತಿರುವಾಗ ನಾನು ಸೀಟಿ ಹೊಡೆದದ್ದನ್ನಷ್ಟೇ ಅಡುಗೆ ಎಂದುಕೊಂಡಿದ್ದೆ.

ಹತ್ತು ಗಂಟೆಗೆ ಕರೆಂಟು ಹೋಯಿತು. ಗುಡ್ಡದ ಮೇಲೆ ಗಾಳಿಯಂತ್ರಗಳು ಆರಾಮಾಗಿ ತಿರುಗುತ್ತಿದ್ದವು, ನಮ್ಮ ಓಣಿಯಲ್ಲಿ ಮಾತ್ರ ಕರೆಂಟಿಲ್ಲ. ಲೈನ್ ರಿಪೇರಿಯಂತೆ, ಎರಡು ಮೂರು ತಾಸು ಬರುವುದಿಲ್ಲವಂತೆ ಎಂದು ನಮ್ಮ ಮನೆಯವರು ಅಂಗಡಿಯಿಂದ ಫೋನ್ ಮಾಡಿ ಹೇಳಿದರು. ಈ ಹುಗ್ಗಿಯೂ ಕೆಟ್ಟರೆ ಅತ್ತೆ ಮತ್ತೆ ಗೋಡೆಯ ಕಡೆ ತಿರುಗುತ್ತಾರೆ, ಆಮೇಲೆ ಅವರನ್ನು ಈಚೆ ತಿರುಗಿಸಲು ನನ್ನ ಬಳಿ ಏನೂ ಉಳಿಯುವುದಿಲ್ಲ. ಗೋಧಿಯನ್ನು ಪ್ರೆಶರ್ ಕುಕ್ಕರಿಗೆ ಸುರಿದು ಗ್ಯಾಸಿನ ಮೇಲೆ ಏರಿಸಿಬಿಡೋಣವೆಂದು ಅಡುಗೆಮನೆಗೆ ಓಡಿ ಮುಚ್ಚಳದ ಮೇಲೆ ಕೈ ಇಟ್ಟೆ.

"ತಡಿ! ಮುಟ್ಟಬ್ಯಾಡ!"

ತಿರುಗಿ ನೋಡಿದರೆ ಅತ್ತೆ ಹೊಸ್ತಿಲಲ್ಲಿ ನಿಂತಿದ್ದಾರೆ. ಎಡಗೈಯಲ್ಲಿ ತಾವು ಹೊದ್ದಿದ್ದ ಕೌದಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದಿದ್ದಾರೆ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಕೂಡಿಸಿ ಅವರೇ ಹೊಲಿದ ಕೌದಿ. "ಒಳಗ ಬಿಸಿ ಐತಿ. ಅದು ತನ್ನ ಪಾಡಿಗೆ ಬೇಯತೈತಿ. ಹೊದಸು" ಎಂದರು. ನಾನು ಪ್ಲಗ್ ಕಿತ್ತು, ಪಾತ್ರೆಗೆ ಕೌದಿ ಸುತ್ತತೊಡಗಿದೆ. "ಹಾಂಗಲ್ಲ, ತಲಿ ಮ್ಯಾಲೆ ಎರಡು ಪದರ ಬರಲಿ" ಎನ್ನುತ್ತ ಅವರು ಹೊಸ್ತಿಲು ದಾಟಿ ಬಂದು ಎಡಗೈಯಿಂದ ತುದಿಯನ್ನು ಒಳಕ್ಕೆ ತುರುಕಿದರು. ಹೊಸ್ತಿಲು ದಾಟಿದ್ದು ಅವರ ಲಕ್ಷ್ಯಕ್ಕೆ ಬಂದಿರಲಿಲ್ಲ. ನಾನು ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟೆ.

ಎರಡೂವರೆ ತಾಸು ನಾವಿಬ್ಬರೂ ಕೌದಿ ಹೊದ್ದ ಆ ಪಾತ್ರೆಯನ್ನು ಕಾಯುತ್ತ ಕೂತೆವು. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿರಲಿಲ್ಲ. ಅತ್ತೆ ಮಾತ್ರ ಕಣ್ಣು ಮುಚ್ಚಿ ಮೂಗಿನಲ್ಲಿ ಕೇಳುತ್ತಿದ್ದರು, ಹಾಗೆಂದೇ ಹೇಳಬೇಕು. "ಹಸಿ ವಾಸನಿ ಹೋತು ನೋಡು" ಎಂದರು ಒಮ್ಮೆ. ನನಗೆ ಕೌದಿಯ ವಾಸನೆಯಷ್ಟೇ ಬರುತ್ತಿತ್ತು. ಕರೆಂಟು ಬಂದ ಮೇಲೆ ನಾನು ಕೌದಿ ತೆಗೆದು, ಮತ್ತೆ ಗುಂಡಿ ತಿರುಗಿಸಿದೆ. ಎರಡು ತಾಸಾದ ಮೇಲೆ ಅತ್ತೆ ಕಣ್ಣು ತೆರೆದು, "ಈಗ ಅರಳೇತಿ. ತಗಿ" ಎಂದರು. ಮುಚ್ಚಳ ತೆಗೆದೆ. ಉಗಿ ಏರಿ ಕನ್ನಡಕ ಮಸುಕಾಯಿತು; ಒರೆಸಿಕೊಂಡು ನೋಡಿದರೆ ಒಂದೊಂದು ಕಾಳೂ ಹೊಟ್ಟೆ ಬಿಚ್ಚಿ, ಮೊಗ್ಗು ಒಡೆದ ಹಾಗೆ ಅರಳಿ ನಿಂತಿತ್ತು. ಗಡಿಯಾರವಿಲ್ಲದೆ, ಥರ್ಮಾಮೀಟರಿಲ್ಲದೆ, ಮುಚ್ಚಿದ ಪಾತ್ರೆಯೊಳಗಿನ ಆ ಗಳಿಗೆಯನ್ನು ಅವರು ಹೇಗೆ ಕಂಡರು? ಇಪ್ಪತ್ತು ವರ್ಷ ಈ ಹೆಂಗಸಿನ ಜೊತೆ ಒಂದೇ ಮನೆಯಲ್ಲಿದ್ದು ನಾನು ಇವರನ್ನು ನೋಡಿಯೇ ಇಲ್ಲ ಎನಿಸಿತು.

ಬೆಲ್ಲ ಸುರಿದೆ. ಇನ್ನು ತಿರುವಬೇಕು, ಪಿಂಗಾಣಿಗೆ ಸ್ಟೀಲ್ ತಾಗಿಸುವಂತಿಲ್ಲ. ಮೊಳೆಯ ಮೇಲಿನ ಕಟ್ಟಿಗೆಯ ಸೌಟನ್ನು ತೆಗೆದು, ಅತ್ತೆಯ ಮುಂದೆ ಹಿಡಿದೆ. ಅವರು ಬಲಗೈಯನ್ನು ನೋಡಿಕೊಂಡರು. ಅದು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಎಡಗೈಲೇ ತಿರುವಿದರ ಏನಾಕ್ಕೈತ್ರಿ ಅತ್ತಿ? ಹುಗ್ಗೀಗೇನು ಗೊತ್ತಾಕ್ಕೈತಿ?" ಎಂದೆ.

"ಹುಗ್ಗೀಗಿ ಗೊತ್ತಾಗಂಗಿಲ್ಲ" ಎಂದು, ಸೌಟಿನ ಸವೆದ ಎಡಮಗ್ಗುಲನ್ನು ನೋಡಿ, "ಸೌಟಿಗಿ ಗೊತ್ತಾಕ್ಕೈತಿ" ಎಂದರು. ಆಮೇಲೆ ಎಡಗೈ ಚಾಚಿ ತೆಗೆದುಕೊಂಡರು. ಮೊದಲ ಸುತ್ತಿಗೆ ಒಂದಿಷ್ಟು ಹುಗ್ಗಿ ಕಟ್ಟೆಯ ಮೇಲೆ ಚೆಲ್ಲಿತು, ಎರಡನೆಯದಕ್ಕೆ ಸೌಟು ಅಂಚಿಗೆ ಬಡಿಯಿತು. ಮೂರು, ನಾಲ್ಕು. ಹತ್ತನೆಯ ಸುತ್ತು ಬರುವ ಹೊತ್ತಿಗೆ ಸೌಟು ತಳ ಹಿಡಿದು ನಿಧಾನವಾಗಿ ತಿರುಗತೊಡಗಿತು. ಸಂಜೆ ಹಾಲು ತುಪ್ಪ ಹಾಕಿಕೊಂಡು ಒಂದು ಬಟ್ಟಲು ಪೂರಾ ಉಂಡು, "ಗಸಗಸಿ ಕಡಿಮಿ ಹಾಕೀದಿ, ಗಡಿಬಿಡಿ" ಎಂದರು. ಅಷ್ಟು ಸಿಹಿಯಾದ ಬೈಗುಳ ನಾನು ಇನ್ನೊಂದು ಕೇಳಿಲ್ಲ.

ಈಗ ಭಾನುವಾರವೆಂದರೆ ಅಡುಗೆಮನೆಯ ಕುರ್ಚಿ ಅವರದು. ಅವರು ತಿರುವಿದ ಮೇಲೆ ಸೌಟನ್ನು ತೊಳೆದು ಒರೆಸಿ ಮೊಳೆಗೆ ಹಾಕುವ ಕೆಲಸ ನನ್ನದು. ಹಾಕುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಬಲಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತೇನೆ. ಇನ್ನೂ ದುಂಡಗೇ ಇದೆ, ಬಡಿಗ ಕೊಟ್ಟ ಹಾಗೇ ಇದೆ. ಸವೆಯಲಿ, ಅದಕ್ಕೆ ಎಷ್ಟು ವರ್ಷ ಬೇಕೋ ಅಷ್ಟೂ ವರ್ಷ ಆ ಎಡಗೈ ತಿರುವುತ್ತಿರಲಿ; ನನಗೇನೂ ಅವಸರವಿಲ್ಲ.