ಹೊಂಡದ ಗೋಣಿಪಟ್ಟಿ

ಕಾಕಾನ ಎಡಗಣ್ಣಿನ ಮೇಲೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅವರು ನನ್ನ ದುರ್ಬೀನಿಗಿಂತ ಮೊದಲು ಹಕ್ಕಿ ಕಾಣುತ್ತಿದ್ದರು. ನಾನು ಬೀದರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ಊರೆಲ್ಲ ಕಾಕಾ ಎನ್ನುತ್ತಿದ್ದ ಅವರು ಚಿಂತಾಕಿಯಲ್ಲಿ ಕುರಿ ಮೇಯಿಸುವವರು. ಕಾಣುವ ಆ ಒಂದು ಕಣ್ಣನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಔರಾದ್ ಕಡೆಯ ಆ ಬರಡು ನೆಲದಲ್ಲಿ ಬೇಸಿಗೆಗೂ ನೀರಿರುತ್ತಿದ್ದದ್ದು ನಮ್ಮ ಮಾವನ ಹೊಲದ ಕೃಷಿಹೊಂಡದಲ್ಲಿ ಮಾತ್ರ. ತಳಕ್ಕೂ ದಡಕ್ಕೂ ಕರಿ ಪ್ಲಾಸ್ಟಿಕ್ ಹಾಸಿದ್ದರು. ಜಾರಿದ ಜೀವ ಮೇಲೆ ಬರುವಂತಿರಲಿಲ್ಲ. ಕುರಿಮರಿ ಬಿದ್ದರೆ ಹತ್ತಿ ಬರಲಿ ಎಂದು ಕಾಕಾ ಗೋಣಿಚೀಲಗಳನ್ನು ಉದ್ದಕ್ಕೆ ಹೊಲಿದು, ಮೇಲಿನ ತುದಿಗೆ ಕಲ್ಲು ಹೇರಿ, ನೀರಿನ ತನಕ ಇಳಿಬಿಟ್ಟಿದ್ದರು. ಆ ಪಟ್ಟಿಯ ಮೇಲೆಯೇ ಟಿಟ್ಟಿಭ, ಗೌಜಿಗ, ಬೆಳ್ಳಕ್ಕಿಗಳೂ ಇಳಿದು ಕುಡಿಯುತ್ತಿದ್ದವು. ಎದೆಗರಿ ನೆನೆಸಿಕೊಂಡು ದೂರದ ಮರಿಗಳಿಗೆ ನೀರು ಒಯ್ಯುವ ಹಕ್ಕಿಯೊಂದಿದೆ. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಕಾಕಾ ಅದು ಬರುವ ಹೊತ್ತನ್ನೇ ಬಲ್ಲವರಾಗಿದ್ದರು.

"ಬಿಸಿಲು ಬೇವಿನ ಬುಡಕ್ಕ ಬಂದಾಗ ಬರ್ತಾವ್ರಿ ಸರ್. ಯಾಕ ಅವಸರ ಮಾಡ್ತೀರಿ, ಕುಂದುರ್ರಿ."

ಬರುತ್ತಿದ್ದವು.

ಒಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ದೆ. ಅರ್ಧ ಗಂಟೆಯಲ್ಲಿ ಎಲ್ಲರೂ ಕಾಕಾನ ಸುತ್ತ ಕೂತಿದ್ದರು. ಭಾಲ್ಕಿಯ ಹುಡುಗಿಯೊಬ್ಬಳು, ನಾಳೆಯಿಂದ ಕಾಕಾನೇ ಪಾಠ ಮಾಡಲಿ, ಸರ್ ಕುರಿ ಕಾಯಲಿ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಭಾನುವಾರ ಕಾಕಾ ಬರುವ ಮೊದಲೇ ಹೋಗಿ ಕಲ್ಲು ಸರಿಸಿ, ಪಟ್ಟಿ ಎಳೆದು ಬೇವಿನ ಕೆಳಗೆ ಸುತ್ತಿಟ್ಟೆ. ನಾನು ತೆಗೆಯುವ ಹಕ್ಕಿಯ ಫೋಟೋದಲ್ಲಿ ಹರಕು ಚೀಲ ಕಾಣಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವರು ಹೇಳಿದ ಹೊತ್ತಿಗೆ ಒಂದು ದಿನವಾದರೂ ಆ ಹಕ್ಕಿ ಇಳಿಯದಿದ್ದರೆ ನನಗೆ ಸಾಕಿತ್ತು.

ಕಾಕಾ ಕುರಿ ಬಿಟ್ಟು ಬಂದು, ಟವೆಲ್ ನೆನೆಸಲು ದಿನದಂತೆ ಎಡಗಾಲು ಇಳಿಸಿದರು. ಕಾಣದ ಕಣ್ಣಿನ ಬದಿ. ಕಾಲಿಗೆ ಗೋಣಿ ಸಿಗಲಿಲ್ಲ.

ನೀರಿಗೆ ಬಿದ್ದ ಸದ್ದನ್ನು ಮರೆತರೂ ಮರೆತೇನು. ಅವರ ಅಂಗೈ ಪಾಚಿಗಟ್ಟಿದ ಪ್ಲಾಸ್ಟಿಕ್ ಮೇಲೆ ಕಿರ್ರನೆ ಜಾರಿದ ಸದ್ದು ಮಾತ್ರ ಈಗಲೂ ಪಾಠದ ನಡುವೆ ಕೇಳುತ್ತದೆ. ಹತ್ತುವರು, ಜಾರುವರು. ಮೂರನೆಯ ಸಲ ತಲೆ ಮುಳುಗಿತು. ನಾನು ಕ್ಯಾಮೆರಾ ಹಿಡಿದು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಆಮೇಲೆ ಓಡಿದೆ. ಪಟ್ಟಿ ತಂದು ಬಿಚ್ಚಿ ಎಸೆದೆ, ಈಚೆ ತುದಿಯ ಮೇಲೆ ಬೋರಲು ಬಿದ್ದೆ. ಕಾಕಾ ಕೈ ಮೇಲೆ ಕೈ ಇಟ್ಟು ಹತ್ತಿ ಬಂದರು.

ಬಹಳ ಹೊತ್ತು ಕೆಮ್ಮಿದರು. ಪಟ್ಟಿ ಗಾಳಿಗೆ ಹೋಗಿತ್ತೇನೋ ಎಂದೆ.

"ಹೂಂರಿ," ಎಂದರು. ಟವೆಲ್ ಹಿಂಡುತ್ತ, "ಇವತ್ತ ಹಕ್ಕಿ ಬೆದರ್ಯಾವ. ನಿಮ್ದು ಫೋಟೋ ಹೋತಲ್ರಿ ಸರ್."

ಎರಡು ವರ್ಷದ ನಂತರ ಕಾಕಾ ಜ್ವರದಲ್ಲಿ ತೀರಿಕೊಂಡರು. ಅಷ್ಟರ ತನಕ ನಾನು ಬಾಯಿ ಬಿಡಲಿಲ್ಲ. ಮಾತನಾಡಿಸಲು ಹೋದಾಗ ಅವರ ಹೆಂಡತಿ ಕಾಕಿಯ ಮುಂದೆ ಹೇಳಿಬಿಟ್ಟೆ: ಅವತ್ತು ಗೋಣಿ ತೆಗೆದವನು ನಾನೇ.

ಕಾಕಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವರಿಗಿ ಗೊತ್ತಿತ್ರಿ. ಗಾಳಿ ಎಲ್ಲ್ಯಾರ ಗೋಣಿ ಸುತ್ತಿ ಇಡ್ತದೇನ್ರಿ? ಸರ್‌ಗ ಹಕ್ಕಿ ಅಂದ್ರ ಜೀವ, ಏನೂ ಅನಬ್ಯಾಡ ಅಂದಿದ್ರು."

ನನ್ನ ತಪ್ಪನ್ನು ಅಷ್ಟು ಸಲೀಸಾಗಿ ಬಿಟ್ಟುಬಿಡುವ ಮನಸ್ಸೂ ಅವರಿಗೇ ಇತ್ತಲ್ಲ ಎಂದು, ಆ ಸೂತಕದ ಮನೆಯಲ್ಲಿ ಕೂತು ನನಗೆ ಹೊಟ್ಟೆ ಉರಿಯಿತು.